ಗುಂಡಿನ ನಂತರ ಉಣ್ಣುವವರು

ಅಮೆರಿಕದ ನಾರ್ತ್ ಡಕೋಟ ರಾಜ್ಯದ ಬೇಟೆಗಾರರು ತಾವು ಹೊಡೆದ ಜಿಂಕೆಯ ಮಾಂಸದಲ್ಲಿ ಒಂದು ಪಾಲನ್ನು ಇಲ್ಲದವರಿಗೆಂದು ಎತ್ತಿಡುವುದುಂಟು. ಮಾಂಸದಂಗಡಿಯವರು ಅದನ್ನು ಖೀಮಾ ಮಾಡಿ, ಪೊಟ್ಟಣ ಕಟ್ಟಿ, ಬಡವರಿಗೆ ದಿನಸಿ ಹಂಚುವ ಕೇಂದ್ರಗಳಿಗೆ ಕಳಿಸುತ್ತಾರೆ. ಬಿಸ್ಮಾರ್ಕ್ ಊರಿನ ಚರ್ಮರೋಗ ವೈದ್ಯ ವಿಲಿಯಂ ಕೊರ್ನಾಟ್ಜರ್ ಅಂಥ ನೂರರಷ್ಟು ಪೊಟ್ಟಣಗಳನ್ನು ತರಿಸಿ ಸ್ಕ್ಯಾನ್ ಮಾಡಿಸಿದರು. ಅವರೂ ಬೇಟೆಗಾರರೇ. ಅರ್ಧಕ್ಕಿಂತ ಹೆಚ್ಚು ಪೊಟ್ಟಣಗಳಲ್ಲಿ ಲೋಹದ ಚೂರುಗಳು ಕಂಡವು. ಕೆಲವು ಅಕ್ಕಿನುಚ್ಚಿನಷ್ಟು, ಹೆಚ್ಚಿನವು ಚಿರೋಟಿ ರವೆಗಿಂತ ಸಣ್ಣವು, ಹಲ್ಲಿಗೂ ನಾಲಿಗೆಗೂ ಸಿಗದಂಥವು. ಅದು ಗುಂಡಿನ ಸೀಸ. 2008ರ ಮಾರ್ಚಿನಲ್ಲಿ ರಾಜ್ಯದ ಅಧಿಕಾರಿಗಳು ಆ ಮಾಂಸವನ್ನು ಹಂಚಬೇಡಿ, ಎಸೆಯಿರಿ ಎಂದರು.

ಕೊಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಮ್ಮ ಮಕ್ಕಳಿಗೂ ಅವರು ಅದೇ ಮಾಂಸವನ್ನೇ ಬಡಿಸಿದ್ದರು. ಅದೇ ವರ್ಷ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ರಾಜ್ಯದ 738 ಜನರ ರಕ್ತ ಪರೀಕ್ಷಿಸಿತು. ಬೇಟೆಯ ಮಾಂಸ ತಿನ್ನುವವರ ರಕ್ತದಲ್ಲಿ ತಿನ್ನದವರಿಗಿಂತ ಡೆಸಿಲೀಟರಿಗೆ 0.30 ಮೈಕ್ರೋಗ್ರಾಂ ಸೀಸ ಹೆಚ್ಚಿತ್ತು. ಇದು ಸಣ್ಣ ಅಂತರ, ಅಷ್ಟಕ್ಕೇ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಆದರೆ ಮಕ್ಕಳ ಮೆದುಳಿನ ವಿಚಾರದಲ್ಲಿ ಇಷ್ಟರವರೆಗೆ ಪರವಾಗಿಲ್ಲ ಎನ್ನಬಹುದಾದ ಸೀಸದ ಮಟ್ಟ ಈವರೆಗೆ ಸಿಕ್ಕಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದುಕೊಂಡು ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಹೇಳುತ್ತ ಬಂದದ್ದೂ ಇದನ್ನೇ. ಆ ತಿಳಿವಳಿಕೆಯ ಬಲದ ಮೇಲೆಯೇ ನಾವು ಪೆಟ್ರೋಲಿನಿಂದ ಸೀಸ ತೆಗೆದೆವು, ಬಣ್ಣದಿಂದ ತೆಗೆಯಲು ಹೊರಟೆವು. ಹಾಗಿರುವಾಗ ಊಟದ ತಟ್ಟೆಗೆ ನೇರವಾಗಿ ಸೀಸ ಹಾರಿಸುವ ಒಂದು ವಸ್ತು ಮಾತ್ರ ಇಷ್ಟು ಕಾಲ ಹೊರಗುಳಿದದ್ದು ಹೇಗೆ?

ಸೀಸದ ಗುಣದಲ್ಲೇ ಉತ್ತರದ ಅರ್ಧಭಾಗ ಇದೆ. ಅದು 327 ಡಿಗ್ರಿಗೆ ಕರಗುತ್ತದೆ, ಮನೆಯ ಒಲೆಯ ಕೆಂಡವೇ ಸಾಕು. ಮೆತ್ತಗಿದೆ, ಅಗ್ಗ, ಮತ್ತು ಭಾರ. ನಮ್ಮ ಹೊಳೆದಂಡೆಯ ಊರುಗಳಲ್ಲಿ ಬೀಸುಬಲೆಯ ಅಂಚಿಗೆ ಸೀಸದ ಮಣಿ ಕಟ್ಟುವುದನ್ನು ನೋಡಿದವರಿಗೆ ಈ ಲೋಹ ಎಷ್ಟು ಸುಲಭವಾಗಿ ಕೈಮಾತು ಕೇಳುತ್ತದೆಂಬುದು ಗೊತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ವಾಟ್ಸ್ ಎಂಬಾತ 1782ರಲ್ಲಿ ಚರೆ ಮಾಡುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಸುರಿದರೆ ಮಳೆಹನಿಯಂತೆ ದುಂಡಗಾಗುತ್ತ ಬಂದು ಕೆಳಗಿನ ನೀರಿಗೆ ಬಿದ್ದು ಗಟ್ಟಿಯಾಗುತ್ತದೆ. ಇಷ್ಟು ಸಲೀಸಾಗಿ ಕೈಗೆ ಬರುವ ವಸ್ತುವನ್ನು ಬಿಡುವುದಕ್ಕೆ ಮನಸ್ಸು ಒಪ್ಪದಿರುವುದು ನನಗೆ ಅರ್ಥವಾಗುತ್ತದೆ. ಆದರೆ ಮೆತ್ತಗಿರುವ ಆ ಗುಣವೇ ಇಲ್ಲಿ ಅಪಾಯದ ಬೇರು.

ರೈಫಲಿನ ಸಾಮಾನ್ಯ ಗುಂಡಿಗೆ ಹೊರಗೆ ತೆಳು ತಾಮ್ರದ ಕವಚ, ಒಳಗೆ ಸೀಸದ ತಿರುಳು. ಶಬ್ದಕ್ಕಿಂತ ಎರಡು ಪಟ್ಟಿಗೂ ಮೀರಿದ ವೇಗದಲ್ಲಿ ಅದು ಜಿಂಕೆಯ ಪಕ್ಕೆಗೆ ತಾಗಿದಾಗ ತಿರುಳು ಅಣಬೆಯಂತೆ ಅರಳುತ್ತದೆ. ಅರಳುವಾಗಲೇ ಒಡೆದು ಉದುರುತ್ತದೆ. ಚೂರುಗಳು ಗಾಯದ ದಾರಿಯಲ್ಲೇ ಉಳಿಯದೆ ಒಂದು ಗೇಣು ಆಚೆಯ ಮಾಂಸದೊಳಕ್ಕೂ ಹೋಗುತ್ತವೆ. ಗಾಯದ ಸುತ್ತ ನಾಲ್ಕು ಬೆರಳು ಕೊಯ್ದು ಬಿಸಾಡಿದರೆ ಸಾಕು ಎಂದು ಬೇಟೆಗಾರರು ತಲೆಮಾರುಗಳಿಂದ ನಂಬಿದ್ದರು, ಆ ನಂಬಿಕೆ ಎಕ್ಸ್‌ರೇಯ ಮುಂದೆ ನಿಲ್ಲಲಿಲ್ಲ. ಹೊಡೆದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು, ಬೋಟಿ, ಶ್ವಾಸಕೋಶ ತೆಗೆದು ಬಿಟ್ಟುಬರುವುದು ಅಲ್ಲಿನ ವಾಡಿಕೆ. ಅಂಥ 20 ಕರುಳಿನ ರಾಶಿಗಳ ಎಕ್ಸ್‌ರೇ ತೆಗೆದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ರಾಶಿಗಳಲ್ಲಿ ಗುಂಡಿನ ಚೂರುಗಳಿದ್ದವು, ಐದರಲ್ಲಿ ಇನ್ನೂರಕ್ಕೂ ಹೆಚ್ಚು. ಕಪ್ಪು ಹಾಳೆಯ ಮೇಲೆ ಯಾರೋ ಬೆರಳಂಚಿನಿಂದ ಸುಣ್ಣ ಚಿಮುಕಿಸಿದಂತೆ ಇರುತ್ತದೆ ಆ ಚಿತ್ರ. ಒಂದು ಕಡೆ ದಟ್ಟ, ದೂರ ಹೋದಂತೆ ವಿರಳ, ಆದರೆ ಅಂಚಿನವರೆಗೂ ಚುಕ್ಕೆ.

ಬೇಟೆಗಾರ ಹೊರಟುಹೋದ ಮೇಲೆ ಆ ರಾಶಿಯ ಮೇಲೆ ಇಳಿಯುವುದು ಹಕ್ಕಿಗಳು.

ಕ್ಯಾಲಿಫೋರ್ನಿಯಾ ಕಾಂಡೋರ್ ನಮ್ಮ ರಣಹದ್ದಿನ ದೂರದ ನೆಂಟ. ರೆಕ್ಕೆ ಹರಡಿದರೆ ಒಂಬತ್ತು ಅಡಿಗೂ ಮಿಕ್ಕು. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದದ್ದು 22 ಮಾತ್ರ. 1987ರಲ್ಲಿ ಕಾಡಿನ ಕೊನೆಯ ಕಾಂಡೋರನ್ನೂ ಹಿಡಿದು ತಂದರು. ಆಗ ಒಟ್ಟು 27 ಹಕ್ಕಿ, ಎಲ್ಲವೂ ಪಂಜರದಲ್ಲಿ. 1992ರಿಂದ ಮರಳಿ ಬಿಡತೊಡಗಿ ಈಗ ಐನೂರು ದಾಟಿವೆ. ಕೈತುತ್ತು ಕೊಟ್ಟು ಬೆಳೆಸಿ ಬಿಟ್ಟ ಈ ಹಕ್ಕಿಗಳನ್ನು ಕಾಡಿನಲ್ಲಿ ಕೊಲ್ಲುವ ಕಾರಣಗಳಲ್ಲಿ ಮೊದಲನೆಯದು ಸೀಸ. ವಿಷ ಏರಿದಾಗ ಹಕ್ಕಿಯ ಜೀರ್ಣಾಂಗಕ್ಕೆ ಪಾರ್ಶ್ವವಾಯು ಬಡಿದಂತಾಗುತ್ತದೆ, ತಿಂದದ್ದು ಕೆಳಗಿಳಿಯುವುದಿಲ್ಲ. ಗಂಟಲ ಚೀಲ ತುಂಬಿಕೊಂಡೇ ಅದು ಹಸಿವಿನಿಂದ ಸಾಯುತ್ತದೆ. ಅದಕ್ಕೇ ಅವನ್ನು ಆಗಾಗ ಹಿಡಿದು, ರಕ್ತ ಪರೀಕ್ಷಿಸಿ, ಸೀಸ ಹೀರುವ ಮದ್ದು ಚುಚ್ಚಿ ಬಿಡುತ್ತಾರೆ. ಹೀಗೆ ಸೂಜಿಯ ಆಸರೆಯಲ್ಲಿ ಬದುಕುವ ಹಕ್ಕಿಯನ್ನು ಕಾಡುಹಕ್ಕಿ ಎನ್ನಲು ನನಗೆ ಮನಸ್ಸು ಬಾರದು.

ಕಾಂಡೋರ್ ಅಪರೂಪದ ಹಕ್ಕಿ, ಅದರದೊಂದು ವಿಶೇಷ ಪ್ರಕರಣ ಎನ್ನುವವರಿಗೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವರದಿ ಉತ್ತರ ಕೊಟ್ಟಿದೆ. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ ದೀರ್ಘಕಾಲದ ಸೀಸದ ವಿಷ ಕಂಡುಬಂತು. ಅವುಗಳಲ್ಲಿ ಆ ದೇಶದ ಲಾಂಛನದ ಮೇಲೆ ಕೂತಿರುವ ಬಿಳಿತಲೆಯ ಹದ್ದೂ ಸೇರಿತ್ತು.

ಇಲ್ಲಿ ಒಂದು ಲೆಕ್ಕವನ್ನು ಓದುಗರು ನನ್ನ ಜೊತೆ ಮಾಡಿ ನೋಡಬೇಕು, ಏಕೆಂದರೆ ನನ್ನ ವಾದ ನಿಂತಿರುವುದೇ ಅದರ ಮೇಲೆ. ಒಂದು ಕಾಂಡೋರ್ ವರ್ಷಕ್ಕೆ 75 ಸತ್ತ ಪ್ರಾಣಿಗಳ ಮೇಲೆ ಕೂರುತ್ತದೆ ಎಂದಿಟ್ಟುಕೊಳ್ಳೋಣ. ಇನ್ನೂರರಲ್ಲಿ ಒಂದೇ ಒಂದರಲ್ಲಿ ಸೀಸ ಇದೆ ಎನ್ನೋಣ. ಹತ್ತು ವರ್ಷಕ್ಕೆ 750 ಊಟ. ಅಷ್ಟರಲ್ಲಿ ಒಮ್ಮೆಯೂ ವಿಷದ ಊಟ ಸಿಗದೆ ಪಾರಾಗುವ ಸಂಭವ ನೂರಕ್ಕೆ ಎರಡರಷ್ಟು. ಕಾಂಡೋರ್ ಅರುವತ್ತು ವರ್ಷ ಬದುಕಬಲ್ಲ ಹಕ್ಕಿ. ಆರೇಳು ವರ್ಷ ತುಂಬಿದ ಮೇಲೆ ಮೊಟ್ಟೆಗೆ ಕೂರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಮೊಟ್ಟೆ. ಅಂದರೆ ಹೆಚ್ಚಿನ ಬೇಟೆಗಾರರು ಸೀಸ ಬಿಟ್ಟರೂ ಸಾಲದು. ಅರಿಜೋನ ರಾಜ್ಯ ಇದನ್ನು ಅನುಭವದಿಂದ ಕಂಡಿದೆ. ಅಲ್ಲಿ ಕಾಂಡೋರ್ ಇರುವ ಕೈಬಾಬ್ ಪ್ರಸ್ಥಭೂಮಿಯಲ್ಲಿ 2005ರಿಂದ ಬೇಟೆಗಾರರಿಗೆ ಸೀಸವಿಲ್ಲದ ತೋಟೆಗಳನ್ನು ಸರ್ಕಾರವೇ ಪುಕ್ಕಟೆ ಕೊಡುತ್ತ ಬಂದಿದೆ. ಕಡ್ಡಾಯವಿಲ್ಲ, ವಿನಂತಿ ಮಾತ್ರ. ಬಹುತೇಕ ವರ್ಷಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ವಿನಂತಿಗೆ ಓಗೊಟ್ಟರು. ಮನುಷ್ಯರ ಒಳ್ಳೆಯತನಕ್ಕೆ ಇಷ್ಟು ಒಳ್ಳೆಯ ಅಂಕ ಎಲ್ಲೂ ಸಿಗಲಿಕ್ಕಿಲ್ಲ. ಆದರೂ ಆ ಸೀಮೆಯ ಕಾಂಡೋರ್‌ಗಳು ಸೀಸಕ್ಕೆ ಬಲಿಯಾಗುವುದು ನಿಂತಿಲ್ಲ. ಉಳಿದವರ ಕರುಳಿನ ರಾಶಿಗಳೇ ಸಾಕಾದವು.

ಹಾಗಾದರೆ ಬೇಟೆಯನ್ನೇ ನಿಲ್ಲಿಸಿಬಿಡಿ ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. 1972ರ ವನ್ಯಜೀವಿ ಕಾಯಿದೆಯ ನೆರಳಲ್ಲಿ ಬೆಳೆದ ನಮಗೆ ಅದು ಸಹಜವಾಗಿ ಬಾಯಿಗೆ ಬರುವ ಮಾತು. ನಾನು ಇದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಕೋವಿ ಮತ್ತು ತೋಟೆಗಳ ಮೇಲೆ 1937ರ ಕಾಯಿದೆಯಂತೆ ಎತ್ತುವ ತೆರಿಗೆ ಕಾಡುಪ್ರಾಣಿಗಳ ಸಂರಕ್ಷಣೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತು, ದೊಡ್ಡ ಪರಭಕ್ಷಕಗಳು ಕಡಿಮೆಯಾದ ಆ ಕಾಡುಗಳಲ್ಲಿ ಹದ್ದು, ಕಾಂಡೋರ್‌ಗಳಿಗೆ ಹೆಣ ಒದಗಿಸುವವನು ಬೇಟೆಗಾರ. ಅವನು ಬಿಟ್ಟುಹೋದ ಕರುಳು ಅವುಗಳ ಚಳಿಗಾಲದ ಅನ್ನ. ಗುಂಡು ಬದಲಾದರೆ ಅದೇ ರಾಶಿ ವಿಷದ ಬದಲು ಊಟವಾಗುತ್ತದೆ. ಬೇಟೆ ಬೇಕೇ ಬೇಡವೇ ಎಂಬ ಜಗಳಕ್ಕೆ ಸೀಸದ ಪ್ರಶ್ನೆಯನ್ನು ಕಟ್ಟಿಹಾಕಿದ ದಿನವೇ ಹಕ್ಕಿಗಳು ಅರ್ಧ ಸೋತವು ಎಂದು ನನಗನ್ನಿಸುತ್ತದೆ. ಸೀಸದ ವಿರುದ್ಧದ ಮಾತೆಲ್ಲ ತಮ್ಮ ಕೋವಿ ಕಿತ್ತುಕೊಳ್ಳುವ ಮೊದಲ ಹೆಜ್ಜೆಯೆಂದು ಬೇಟೆಗಾರರು ಅನುಮಾನಪಟ್ಟರು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವ ಮನೆಗಳನ್ನು ಬಲ್ಲವರಿಗೆ ಆ ಅನುಮಾನದ ಆಳ ಗೊತ್ತಾಗುತ್ತದೆ.

ಬೇಟೆಗಾರರ ಉಳಿದ ಆಕ್ಷೇಪಗಳು ಕಸುಬಿನವು, ಅವನ್ನು ಗೌರವದಿಂದ ಕೇಳಬೇಕು. ಚರೆಯ ವಿಷಯ ಮೊದಲು. ಸೀಸದ ಸಾಂದ್ರತೆ 11.3, ಉಕ್ಕಿನದು 7.8. ಹಗುರವಾದ ಚರೆ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಕ್ಕಿ ಸಾಯದೆ ಗಾಯಗೊಂಡು ಹಾರಿಹೋದರೆ ಅದು ಸೀಸಕ್ಕಿಂತ ಕ್ರೂರವಲ್ಲವೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಟೆಕ್ಸಸ್ ರಾಜ್ಯದ ವನ್ಯಜೀವಿ ಇಲಾಖೆ ಇದಕ್ಕೆ ಉತ್ತರ ಹುಡುಕಲು ಬೆಳವಕ್ಕಿ ಬೇಟೆಯಲ್ಲಿ ಒಂದು ಪ್ರಯೋಗ ಮಾಡಿತು. ಯಾವ ತೋಟೆಯಲ್ಲಿ ಏನಿದೆಯೆಂದು ಹೊಡೆಯುವವನಿಗೂ ಗೊತ್ತಿಲ್ಲ, ಪಕ್ಕದಲ್ಲಿ ನಿಂತು ಬರೆದುಕೊಳ್ಳುವವನಿಗೂ ಗೊತ್ತಿಲ್ಲ. ಬಿದ್ದ ಹಕ್ಕಿಗಳ ಲೆಕ್ಕದಲ್ಲಿ ಸೀಸಕ್ಕೂ ಉಕ್ಕಿಗೂ ವ್ಯತ್ಯಾಸ ಬರಲಿಲ್ಲ. ಹಕ್ಕಿ ಗಾಯಗೊಂಡು ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ದೂರದಿಂದ ಈಡು ಹಾರಿಸುವ ಆತುರದ ಫಲ, ಲೋಹದ ದೋಷವಲ್ಲ. ಉಕ್ಕಿಗೆ ಒಗ್ಗಿಕೊಳ್ಳುವ ದಾರಿಯೂ ಈಗ ಬೇಟೆಗಾರರ ಬಾಯಲ್ಲೇ ಇದೆ. ಚರೆಯ ಗಾತ್ರ ಎರಡು ನಂಬರ್ ದೊಡ್ಡದು ಮಾಡಿಕೊಳ್ಳುವುದು, ನಳಿಗೆಯ ತುದಿಯನ್ನು ಕಿರಿದಾಗಿಸುವ ಚೋಕ್ ಬಿಗಿಯಾದದ್ದರ ಬದಲು ಸಡಿಲದ್ದು ಬಳಸುವುದು, ಹಕ್ಕಿಯನ್ನು ಇನ್ನಷ್ಟು ಹತ್ತಿರಕ್ಕೆ ಬರಗೊಡುವುದು. ಅಜ್ಜನ ಕಾಲದ ತೆಳು ನಳಿಗೆಯ ಜೋಡುನಳಿಗೆ ಕೋವಿಗೆ ಉಕ್ಕು ಹೊಂದುವುದಿಲ್ಲ, ಅದಕ್ಕೆ ಬಿಸ್ಮತ್ ಚರೆ ಇದೆ. ದುಬಾರಿ ನಿಜ, ಆದರೆ ಅಂಥ ಕೋವಿ ವರ್ಷಕ್ಕೆ ಎಷ್ಟು ಸಲ ಹೊರಗೆ ಬರುತ್ತದೆ?

ರೈಫಲಿನದು ಇನ್ನೂ ಸುಲಭ. ಪೂರ್ತಿ ತಾಮ್ರದ ಗುಂಡು 1980ರ ದಶಕದ ಕೊನೆಯಲ್ಲೇ ಅಂಗಡಿಗೆ ಬಂತು, ಅದೂ ಕಾಂಡೋರ್‌ಗಾಗಿ ಅಲ್ಲ, ಗಟ್ಟಿಪ್ರಾಣಿಯೊಳಗೆ ಆಳಕ್ಕೆ ಹೋಗಲಿ ಎಂದು. ಮೂತಿಯಲ್ಲೊಂದು ಕುಳಿ ಇರುತ್ತದೆ. ತಾಗಿದೊಡನೆ ಆ ಕುಳಿ ಬಿರಿದು ನಾಲ್ಕಾರು ಎಸಳಾಗಿ ಹಿಂದಕ್ಕೆ ಮಡಚುತ್ತದೆ, ಆದರೆ ಎಸಳು ಕಳಚುವುದು ಅಪರೂಪ. ಹೊರತೆಗೆದು ಅಂಗೈಯಲ್ಲಿಟ್ಟುಕೊಂಡರೆ ಕೆಂಪು ಲೋಹದ ಸಣ್ಣ ಹೂವು, ತೂಕ ಹೊರಟಾಗ ಇದ್ದಷ್ಟೇ ಹೆಚ್ಚುಕಡಿಮೆ. ತಾಮ್ರ ಹಗುರವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ, ಹಾಗಾಗಿ ಒಂದು ಮೆಟ್ಟಿಲು ಕಡಿಮೆ ತೂಕದ್ದನ್ನು ಆರಿಸಿ ವೇಗ ಉಳಿಸಿಕೊಳ್ಳುತ್ತಾರೆ. ವೇಗ ಕುಂದಿದರೆ ಎಸಳು ಬಿಚ್ಚುವುದಿಲ್ಲ. ಹಳೆಯ ಗುಂಡಿಗೆ ಹೊಂದಿಸಿದ ದುರ್ಬೀನನ್ನು ಮತ್ತೆ ಗುರಿಹಲಗೆಯ ಮುಂದೆ ಹೊಂದಿಸಬೇಕು, ನಳಿಗೆಗೆ ಅಂಟಿದ ಹಳೆಯ ಲೋಹವನ್ನು ಉಜ್ಜಿ ತೆಗೆಯಬೇಕು. ಒಂದು ಮಧ್ಯಾಹ್ನದ ಕೆಲಸ. ಬೆಲೆ ಹೆಚ್ಚು ಎಂಬುದು ನಿಜ, ಆದರೆ ಜಿಂಕೆ ಬೇಟೆಗಾರ ಒಂದು ಋತುವಿನಲ್ಲಿ ಹಾರಿಸುವುದು ಕೆಲವೇ ಗುಂಡು. ಕಾಡಿನವರೆಗೆ ಹೋಗಿಬರುವ ಪೆಟ್ರೋಲಿನ ಮುಂದೆ ಆ ಹೆಚ್ಚುವರಿ ಏನೇನೂ ಅಲ್ಲ.

ಹಾಗಾದರೆ ತೊಡಕು ಉಳಿದದ್ದು ಎಲ್ಲಿ? ಡೆನ್ಮಾರ್ಕ್ ಮತ್ತು ಇಂಗ್ಲೆಂಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಉತ್ತರ ಸ್ಪಷ್ಟವಾಯಿತು. ಡೆನ್ಮಾರ್ಕ್ 1980ರ ದಶಕದಲ್ಲಿ ಜೌಗುಪ್ರದೇಶಗಳಿಂದ ಶುರುಮಾಡಿ, 1996ರಲ್ಲಿ ಸೀಸದ ಚರೆಯನ್ನು ಇಡೀ ದೇಶದಿಂದ ತೆಗೆದುಹಾಕಿತು. ಬಳಸುವುದನ್ನಷ್ಟೇ ಅಲ್ಲ, ಮಾರುವುದನ್ನೂ ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು. 2024ರ ಏಪ್ರಿಲ್‌ನಿಂದ ರೈಫಲಿನ ಸೀಸದ ಗುಂಡಿಗೂ ಬೇಟೆಯಲ್ಲಿ ಜಾಗವಿಲ್ಲ. ಅಲ್ಲಿನ ಬೇಟೆ ನಿಂತಿಲ್ಲ, ಕುಂದಿಯೂ ಇಲ್ಲ. ಈ ಬದಲಾವಣೆಯನ್ನು ಮುಂದೆ ನಿಂತು ವಿವರಿಸಿದವರಲ್ಲಿ ನೀಲ್ಸ್ ಕಾನ್‌ಸ್ಟ್ರಪ್ ಅವರಂಥ ಜೀವವಿಜ್ಞಾನಿಗಳಿದ್ದರು, ಸ್ವತಃ ಬೇಟೆಗಾರರು. ಇಂಗ್ಲೆಂಡ್ 1999ರಲ್ಲಿ ಬಾತುಕೋಳಿಗಳ ಮೇಲೆ ಮತ್ತು ಕೆಲವು ಜೌಗುಪ್ರದೇಶಗಳಲ್ಲಿ ಸೀಸದ ಚರೆ ಹಾರಿಸಬಾರದೆಂದಿತು. ಆದರೆ ಅದೇ ತೋಟೆ ಅಂಗಡಿಯಲ್ಲಿ ಸಿಗುತ್ತಲೇ ಇತ್ತು, ಫೆಸೆಂಟ್ ಎಂಬ ನೆಲಹಕ್ಕಿಯನ್ನು ಹೊಡೆಯಲು ಅಡ್ಡಿಯಿರಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಮಾರುಕಟ್ಟೆಯಿಂದ ಬಾತುಕೋಳಿ ಕೊಂಡು ಪರೀಕ್ಷಿಸಿದರೆ ನೂರರಲ್ಲಿ ಎಪ್ಪತ್ತು ಸೀಸದಲ್ಲೇ ಸತ್ತಿದ್ದವು. ಕೆಲವು ವರ್ಷಗಳ ಮೇಲೆ ಮತ್ತೆ ನೋಡಿದಾಗ ಎಪ್ಪತ್ತೇಳು. ಕಿಸೆಯಲ್ಲಿ ಇರುವ ತೋಟೆಯನ್ನೇ ಕೈ ಎತ್ತಿಕೊಳ್ಳುತ್ತದೆ.

2020ರಲ್ಲಿ ಬ್ರಿಟನ್ನಿನ ಒಂಬತ್ತು ಬೇಟೆ ಮತ್ತು ಗ್ರಾಮೀಣ ಸಂಘಟನೆಗಳು ತಾವಾಗಿಯೇ ಐದು ವರ್ಷದಲ್ಲಿ ಸೀಸದ ಚರೆ ಬಿಡುತ್ತೇವೆಂದು ಘೋಷಿಸಿದವು. ಪ್ರಾಮಾಣಿಕ ಘೋಷಣೆಯೇ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷವರ್ಷವೂ ಅಂಗಡಿಗಳಿಂದ ಫೆಸೆಂಟ್ ಕೊಂಡು, ಮಾಂಸದಿಂದ ಚರೆ ಹೆಕ್ಕಿ ಪರೀಕ್ಷಿಸಿದರು. ಮೊದಲ ಋತುವಿನಲ್ಲಿ 180 ಹಕ್ಕಿಗಳಲ್ಲಿ 179 ಸೀಸದವು. ನಡುವೆ ನೂರಕ್ಕೆ 93ರವರೆಗೆ ಇಳಿಯಿತು. ಐದನೆಯ ಋತುವಿನಲ್ಲಿ ಮತ್ತೆ 99. ಕೊನೆಗೆ 2025ರ ಜುಲೈಯಲ್ಲಿ ಸರ್ಕಾರವೇ ಮೂರು ವರ್ಷದ ಗಡುವಿನೊಂದಿಗೆ ನಿಷೇಧ ಪ್ರಕಟಿಸಬೇಕಾಯಿತು.

ನಮಗೆ ಈ ಪಾಠ ಹೊಸದಲ್ಲ. ನಮ್ಮ ರಣಹದ್ದುಗಳನ್ನು ಕೊಂದದ್ದು ದನಕ್ಕೆ ಚುಚ್ಚುವ ಡೈಕ್ಲೋಫಿನ್ಯಾಕ್ ಎಂಬ ನೋವಿನ ಮದ್ದು. ಚುಚ್ಚಿಸಿದ ರೈತ ದನದ ನೋವು ನೋಡಲಾರದೆ ಚುಚ್ಚಿಸಿದ. ಸತ್ತ ದನವನ್ನು ತಿಂದ ಹಕ್ಕಿಯ ಮೂತ್ರಪಿಂಡ ಕೆಟ್ಟು ಹಕ್ಕಿ ಸತ್ತಿತು. ಕೊಟ್ಟವನಿಗೂ ಕೊನೆಯಲ್ಲಿ ತಿಂದವನಿಗೂ ನಡುವೆ ಪರಿಚಯವೇ ಇಲ್ಲ. 2006ರಲ್ಲಿ ಆ ಮದ್ದನ್ನು ದನಗಳಿಗೆ ಬಳಸದಂತೆ ನಿಷೇಧಿಸಿದರು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿ ಔಷಧದಂಗಡಿಯಲ್ಲಿ ಹಾಗೇ ಇತ್ತು, ಅದೇ ಕೊಟ್ಟಿಗೆಗೆ ಬರುತ್ತಿತ್ತು. 2015ರಲ್ಲಿ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದ ಮೇಲೆಯೇ ಆ ಬಾಗಿಲು ಮುಚ್ಚತೊಡಗಿದ್ದು. ಜೊತೆಗೆ ಮೆಲಾಕ್ಸಿಕ್ಯಾಮ್ ಎಂಬ ಹಕ್ಕಿಗೆ ಅಪಾಯವಿಲ್ಲದ ಮದ್ದು ಅದೇ ಅಂಗಡಿಯ ಅದೇ ಹಲಗೆಯ ಮೇಲೆ ಸಿಗುವಂತಾಗಿತ್ತು. ರಾಮನಗರದ ರಾಮದೇವರಬೆಟ್ಟದಲ್ಲಿ ಬೆರಳೆಣಿಕೆಯ ಉದ್ದಕೊಕ್ಕಿನ ರಣಹದ್ದುಗಳನ್ನು ಹುಡುಕುತ್ತ ತಲೆ ಎತ್ತಿ ನಿಂತವರು, ಆ ಒಂಬತ್ತು ವರ್ಷದ ತಡಕ್ಕೆ ಎಷ್ಟು ಹಕ್ಕಿ ಬೆಲೆ ತೆತ್ತವೋ ಎಂದು ಒಮ್ಮೆಯಾದರೂ ಯೋಚಿಸಿಯೇ ಇರುತ್ತಾರೆ.

ಆದ್ದರಿಂದ ನನ್ನ ಮಾತು ಇಷ್ಟು: ತಡೆಯುವುದಾದರೆ ಅಂಗಡಿಯ ಕಟ್ಟೆಯಲ್ಲಿ ತಡೆಯಬೇಕು, ಬೇರೆ ಸರಕು ಅದೇ ಕಟ್ಟೆಯ ಮೇಲೆ ಇರಬೇಕು, ಮತ್ತು ದಿನಾಂಕ ಅಲುಗಾಡಬಾರದು. ಮೂರನೆಯದನ್ನು ರಾಜಕಾರಣಿಗಳು ಬಹಳ ಸಲ ಮರೆತಿದ್ದಾರೆ. 2017ರ ಜನವರಿಯಲ್ಲಿ ಒಬಾಮ ಸರ್ಕಾರ ಅಧಿಕಾರ ಬಿಡುವ ಹಿಂದಿನ ದಿನ ರಾಷ್ಟ್ರೀಯ ವನ್ಯಜೀವಿ ಧಾಮಗಳಲ್ಲಿ ಸೀಸವನ್ನು ಹಂತಹಂತವಾಗಿ ನಿಲ್ಲಿಸಲು ಆದೇಶ ಹೊರಡಿಸಿತು. ಮಾರ್ಚ್ ತಿಂಗಳ ಆರಂಭದಲ್ಲೇ ಹೊಸ ಸರ್ಕಾರದ ಮಂತ್ರಿ ಅದನ್ನು ರದ್ದುಮಾಡಿದರು. ನಾರ್ವೆ 2005ರಲ್ಲಿ ಸೀಸದ ಚರೆಯನ್ನು ಪೂರ್ತಿ ನಿಷೇಧಿಸಿ, 2015ರಲ್ಲಿ ಜೌಗುಪ್ರದೇಶದ ಹೊರಗೆ ಮತ್ತೆ ಸಡಿಲಿಸಿತು. ಇವತ್ತು ಹೌದು ನಾಳೆ ಅಲ್ಲ ಎಂಬಲ್ಲಿ ಯಾವ ಕಾರ್ಖಾನೆ ಹೊಸ ಅಚ್ಚಿಗೆ ದುಡ್ಡು ಹಾಕುತ್ತದೆ, ಯಾವ ಬೇಟೆಗಾರ ಹೊಸ ಗುಂಡಿಗೆ ರೈಫಲ್ ಹೊಂದಿಸಿಕೊಳ್ಳುತ್ತಾನೆ?

ಕ್ಯಾಲಿಫೋರ್ನಿಯಾ ದಿನಾಂಕವನ್ನು ಉಳಿಸಿಕೊಂಡಿತು. 2008ರಲ್ಲಿ ಕಾಂಡೋರ್ ಸೀಮೆಯಲ್ಲಿ, 2019ರ ಜುಲೈ 1ರಿಂದ ಇಡೀ ರಾಜ್ಯದ ಬೇಟೆಯಲ್ಲಿ ಸೀಸವನ್ನು ನಿಷೇಧಿಸಿತು. ಮೊದಲ ನಿಷೇಧದ ಬೆನ್ನಲ್ಲೇ ಆ ಸೀಮೆಯ ಹೊನ್ನಹದ್ದುಗಳ ರಕ್ತದಲ್ಲಿ ಸೀಸ ಇಳಿಯಿತು. ಕಾಂಡೋರ್‌ಗಳ ರಕ್ತದಲ್ಲಿ ಮಾತ್ರ ಇನ್ನೂ ಸಿಗುತ್ತಿದೆ. ಒಂದು ಕಾರಣ ಎಲ್ಲರ ಕಣ್ಣೆದುರಿಗೇ ಇದೆ: ಪಾಯಿಂಟ್ ಟೂಟೂ ಎಂಬ ಸಣ್ಣ ತೋಟೆ. ಹುಲ್ಲುಗಾವಲಿನ ದನಗಾಹಿಗಳು ನೆಲದ ಅಳಿಲನ್ನು ಹೊಡೆಯುವುದು ಅದರಲ್ಲೇ, ಹೊಡೆದು ಅಲ್ಲೇ ಬಿಟ್ಟುಹೋಗುವುದೂ ಉಂಟು. ಸೀಸವಿಲ್ಲದ ಪಾಯಿಂಟ್ ಟೂಟೂ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕಿದರೂ ಬೆಲೆ ಹೆಚ್ಚು. ಇಲ್ಲಿ ಅವರ ದೂರು ನೂರಕ್ಕೆ ನೂರು ಸರಿ. ಕಾಯಿದೆ ಮಾಡಿದವರು ಸರಕು ತಲುಪಿಸುವ ಹೊಣೆಯನ್ನೂ ಹೊರಬೇಕಿತ್ತು, ಈಗಲಾದರೂ ಅರಿಜೋನದವರಂತೆ ಪುಕ್ಕಟೆ ಕೊಡಬೇಕು.

ಅರಿಜೋನದಿಂದ ಕಲಿಯಬೇಕಾದ್ದು ಇನ್ನೂ ಒಂದಿದೆ. ಸೀಸದ ಗುಂಡನ್ನೇ ಬಳಸುತ್ತೇನೆ ಎನ್ನುವವನಿಗೆ ಅಲ್ಲಿ ಬೈಯುವುದಿಲ್ಲ. ಹಾಗಾದರೆ ಕರುಳಿನ ರಾಶಿಯನ್ನು ಕಾಡಿನಲ್ಲಿ ಬಿಡಬೇಡಿ, ತಂದುಕೊಡಿ ಎನ್ನುತ್ತಾರೆ. ತಂದವರ ಹೆಸರನ್ನು ಲಾಟರಿಗೂ ಸೇರಿಸುತ್ತಾರೆ. ಜಿಂಕೆಯ ಕರುಳು, ಬೋಟಿ ಅಂದರೆ ಕಡಿಮೆ ಭಾರವಲ್ಲ. ಇನ್ನೂ ಹಬೆಯಾಡುವ ಆ ರಾಶಿಯನ್ನು ಎರಡೂ ಕೈಯಿಂದ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಹೆಗಲಿಗೇರಿಸಿ, ರಕ್ತ ಬೆನ್ನಮೇಲೆ ಇಳಿಯುತ್ತಿದ್ದಂತೆ ಗುಡ್ಡ ಇಳಿದು ಗಾಡಿಯವರೆಗೆ ನಡೆದವನು, ತಾನು ಹಾರಿಸಿದ ಗುಂಡು ಜಿಂಕೆ ಬಿದ್ದಲ್ಲಿಗೇ ಮುಗಿಯಲಿಲ್ಲ ಎಂಬುದನ್ನು ಆ ಒಂದು ಮೈಲಿಯಲ್ಲಿ ತಿಳಿಯುತ್ತಾನೆ. ಮುಂದಿನ ವರ್ಷ ಅವನು ತಾಮ್ರದ ಪೆಟ್ಟಿಗೆ ಕೇಳುತ್ತಾನೆಂದು ನಾನು ನಂಬಿದ್ದೇನೆ.